ಗುರುತು ಹೇಳುವವರು ಇಲ್ಲದ ಮೇಲೆ

ನಮ್ಮೂರ ಮಠದಲ್ಲಿ ಶ್ರಾವಣದ ಪ್ರವಚನ ಶುರುವಾಯಿತೆಂದರೆ ಅಲೆಕ್ಸಾಂಡರನ ಕಥೆ ಒಂದಲ್ಲ ಒಂದು ದಿನ ಬಂದೇ ಬರುತ್ತಿತ್ತು. ಲೋಕವನ್ನೇ ಗೆದ್ದ ದೊರೆ ಸಾಯುವ ಹೊತ್ತಿಗೆ ತನ್ನವರನ್ನು ಕರೆದು, ಹೆಣದ ಪೆಟ್ಟಿಗೆಯಿಂದ ನನ್ನ ಎರಡೂ ಕೈ ಹೊರಗೆ ಇಳಿಬಿಡಿ, ಬಂದಾಗಲೂ ಬರಿಗೈ, ಹೋಗುವಾಗಲೂ ಬರಿಗೈ ಎಂಬುದನ್ನು ಮಂದಿ ಕಣ್ಣಾರೆ ನೋಡಲಿ, ಅಂದನಂತೆ. ಇಷ್ಟು ಹೇಳಿ ಸ್ವಾಮಿಗಳು ತಮ್ಮ ಎರಡೂ ಅಂಗೈ ಬಿಚ್ಚಿ ನಮ್ಮ ಕಡೆ ತೋರಿಸುತ್ತಿದ್ದರು. ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಆ ಅಂಗೈಗಳು ನಿಜಕ್ಕೂ ದೊರೆಯ ಕೈಗಳಂತೆ ಕಾಣುತ್ತಿದ್ದವು.

ಅಜ್ಜಿಗೆ ಮಾತ್ರ ಈ ಕಥೆ ಪೂರ್ತಿ ಒಪ್ಪಿಗೆಯಾಗುತ್ತಿರಲಿಲ್ಲ. ಮನೆಗೆ ಬರುವಾಗ ಕತ್ತಲಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನಿಮ್ಮ ಮುತ್ತಜ್ಜ ಬರಿಗೈಲೆ ಹೋಗಿಲ್ಲ ತಮ್ಮಾ, ಅಂಗೈಯಾಗ ಲಿಂಗ ಇತ್ತು" ಅನ್ನುತ್ತಿದ್ದಳು. ನಮ್ಮಲ್ಲಿ ಹಾಗೆಯೇ. ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿ ಮಣ್ಣು ಕೊಡುತ್ತಾರೆ. ಮುತ್ತಜ್ಜನ ಸಮಾಧಿ ನಮ್ಮ ಹೊಲದಲ್ಲೇ ಇತ್ತು. ಕಟ್ಟೆಯಿಲ್ಲ, ಗುಡಿಯಿಲ್ಲ, ಮೊಣಕಾಲೆತ್ತರದ ಒಂದು ಕರಿಕಲ್ಲು. "ಬನ್ನಿ ಗಿಡದಿಂದ ಮೂಡಲಕ್ಕ ಹತ್ತು ಹೆಜ್ಜಿ" ಎಂಬುದು ಅಜ್ಜಿಯ ಬಾಯಲ್ಲಿ ಅದರ ವಿಳಾಸ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಮೊದಲು ಆ ಕಲ್ಲು ತೊಳೆದು, ಮೂರು ಬೆರಳಿನಿಂದ ವಿಭೂತಿ ಎಳೆದು, ಎಡೆ ಇಟ್ಟ ಮೇಲೆಯೇ ಚರಗ ಚೆಲ್ಲುತ್ತಿದ್ದೆವು.

ದೊಡ್ಡವನಾದ ಮೇಲೆ ಅಲೆಕ್ಸಾಂಡರನ ಸಾವಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ ಇಳಿಬಿಟ್ಟ ಕೈಗಳ ಮಾತು ಹಳೆಯ ಗ್ರೀಕ್, ರೋಮನ್ ಚರಿತ್ರೆಕಾರರಲ್ಲಿ ಇಲ್ಲವೇ ಇಲ್ಲ. ಮುಂದಿನ ಶತಮಾನಗಳ ಕಥೆಗಾರರು ಕಟ್ಟಿ ನಮ್ಮವರೆಗೆ ತಲುಪಿಸಿದ ನೀತಿಕಥೆ ಅದು. ಚರಿತ್ರೆಕಾರರು ಬರೆದಿಟ್ಟದ್ದರಲ್ಲಿ ಕೈಗಳು ಬಹಳ ಬರುತ್ತವೆ, ಆದರೆ ಅವು ಅವನ ಕೈಗಳಲ್ಲ. ಆ ಹೆಣವನ್ನು ಎಳೆದವರ, ಕದ್ದವರ, ಮುಟ್ಟಿದವರ, ಅದರ ಮೈಮೇಲಿನದನ್ನು ಬಿಚ್ಚಿಕೊಂಡವರ ಕೈಗಳು. ಇದು ಓದಿದ ಮೇಲೆ ಬಹಳ ದಿನ ಮನಸ್ಸಿನಲ್ಲಿ ಕೂತಿತ್ತು.

ಅವನು ಸತ್ತದ್ದು ಬ್ಯಾಬಿಲೋನಿನಲ್ಲಿ, ಕ್ರಿ.ಪೂ. 323ರ ಜೂನ್ ತಿಂಗಳಲ್ಲಿ. ವಯಸ್ಸು 32. ಆ ಊರಿನ ಜೋಯಿಸರು ಆಕಾಶದ ಗತಿ, ಹೊಳೆಯ ನೀರಿನ ಮಟ್ಟ, ಧಾನ್ಯದ ಧಾರಣೆ ಎಲ್ಲವನ್ನೂ ಹಸಿ ಮಣ್ಣಿನ ಹಲಗೆಗಳ ಮೇಲೆ ದಿನಚರಿಯಂತೆ ಬರೆದಿಡುತ್ತಿದ್ದರು. ಅಂಥದೊಂದು ಹಲಗೆಯ ಚೂರು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ತಿಂಗಳ 29ನೆಯ ದಿನ ರಾಜ ಸತ್ತ ಅಂತಿದೆ ಅದರಲ್ಲಿ. ಅದರ ಬೆನ್ನಿಗೇ ಮೋಡದ ಮಾತು. ಹೆಸರಿಲ್ಲ, ಬಿರುದಿಲ್ಲ. ಗ್ರೀಸಿನಿಂದ ಪಂಜಾಬಿನವರೆಗೆ ನೆಲ ನಡುಗಿಸಿದವನ ಸಾವು, ಅವತ್ತು ಮುಗಿಲು ಹೇಗಿತ್ತು ಎಂಬುದರ ಪಕ್ಕದಲ್ಲಿ ಒಂದು ಸಾಲು. ಬರೆದವನ ಶ್ರದ್ಧೆಯ ಮುಂದೆ ನನಗೆ ಕೈ ಮುಗಿಯಬೇಕೆನಿಸುತ್ತದೆ. ಅವನು ತನ್ನ ಕೆಲಸ ಬಿಡಲಿಲ್ಲ.

ಅರಮನೆಯೊಳಗೆ ದಂಡನಾಯಕರು ಸಿಂಹಾಸನಕ್ಕಾಗಿ ಜಗಳಕ್ಕೆ ಬಿದ್ದಿದ್ದರು. ದಿನಗಟ್ಟಲೆ ಹೆಣ ಹಾಗೇ ಬಿದ್ದಿತ್ತಂತೆ, ಆ ಬೇಸಿಗೆಯಲ್ಲಿ. ಆದರೂ ಕೆಟ್ಟಿರಲಿಲ್ಲ, ಮುಖದ ಕಳೆ ಹೋಗಿರಲಿಲ್ಲ ಎಂದು ರೋಮಿನ ಚರಿತ್ರೆಕಾರ ಕರ್ಟಿಯಸ್ ಬರೆಯುತ್ತಾನೆ. ಕೊನೆಗೆ ಈಜಿಪ್ಟಿನವರನ್ನೂ ಕಾಲ್ಡಿಯದವರನ್ನೂ ಕರೆಸಿ ದೇಹ ಕೆಡದಂತೆ ಮಾಡಲು ಹೇಳಿದಾಗ, ಉಸಿರಾಡುತ್ತಿರುವನೇನೋ ಎಂಬ ಭಯಕ್ಕೆ ಅವರು ಮೊದಲು ಮುಟ್ಟಲಿಲ್ಲವಂತೆ.

ಇನ್ನು ತೇರು. ಹೆಣ ಒಯ್ಯುವ ರಥ ಕಟ್ಟಲು ಎರಡು ವರ್ಷ ಹಿಡಿಯಿತು. ಗ್ರೀಕ್ ಚರಿತ್ರೆಕಾರ ಡಿಯೋಡೋರಸ್ ಅದನ್ನು ಬಣ್ಣಿಸುವ ಪುಟಗಳನ್ನು ಓದುವಾಗ ನಮ್ಮ ಜಾತ್ರೆಯ ತೇರನ್ನು ಬಲ್ಲವರಿಗೆ ಮೈ ಜುಮ್ಮೆನ್ನುತ್ತದೆ. ಮೈಯಳತೆಗೆ ತಕ್ಕಂತೆ ಬಡಿದು ಮಾಡಿದ ಬಂಗಾರದ ಪೆಟ್ಟಿಗೆ, ಒಳಗೆ ಸುಗಂಧ ದ್ರವ್ಯ. ಮೇಲೆ 8 ಮೊಳ ಅಗಲ, 12 ಮೊಳ ಉದ್ದದ ಬಂಗಾರದ ಮಂಟಪ, ಮೀನಿನ ಹುರುಪೆಯಂತೆ ಜೋಡಿಸಿದ ಹೊನ್ನಿನ ಹಾಳೆಗಳಲ್ಲಿ ರತ್ನ ಕೂರಿಸಿದ್ದು. ಮೂಲೆಗಳಿಂದ ಇಳಿಬಿದ್ದ ಗೊಂಡೆಗಳಿಗೆ ದೊಡ್ಡ ದೊಡ್ಡ ಗಂಟೆ. ತೇರು ಬರುವುದು ಬಲು ದೂರದಿಂದಲೇ ಕೇಳಬೇಕು. ಬಾಗಿಲಲ್ಲಿ ಬಂಗಾರದ ಸಿಂಹಗಳು. ಎಳೆಯಲು 64 ಹೇಸರಗತ್ತೆ, ಒಂದೊಂದರ ತಲೆಗೂ ಹೊನ್ನ ಕಿರೀಟ, ಕೆನ್ನೆಯ ಎರಡೂ ಬದಿಗೆ ಗಂಟೆ. ಹಳ್ಳ-ದಿಣ್ಣೆಯಲ್ಲಿ ಹೆಣ ಅಲುಗಬಾರದೆಂದು ಅಚ್ಚಿಗೂ ಮಂಟಪಕ್ಕೂ ನಡುವೆ ಒಂದು ಉಪಾಯ ಹೂಡಿದ್ದರು. ಮುಂದೆ ಮುಂದೆ ದಾರಿ ಸರಿಮಾಡುವ ಆಳುಗಳು ನಡೆಯುತ್ತಿದ್ದರು.

ಮಂಟಪದ ನಾಲ್ಕು ಚಿತ್ರಪಟಗಳಲ್ಲಿ ಒಂದರ ಮುಂದೆ ನಾನು ನಿಂತುಬಿಡುತ್ತೇನೆ. ಅದರಲ್ಲಿ ಯುದ್ಧದ ಆನೆಗಳು. ಆನೆಯ ಕುತ್ತಿಗೆಯ ಮೇಲೆ ಭಾರತದ ಮಾವುತರು, ಅವರ ಹಿಂದೆ ಆಯುಧ ಹಿಡಿದ, ಅಲೆಕ್ಸಾಂಡರನ ತವರುನಾಡು ಮ್ಯಾಸಿಡೋನಿಯಾದ ಸೈನಿಕರು. ಊರು ಬಿಟ್ಟು ಎಷ್ಟೋ ಸಾವಿರ ಮೈಲಿ ನಡೆದುಹೋದ ಆ ಮಾವುತರಲ್ಲಿ ಒಬ್ಬನಾದರೂ ಈ ತೇರನ್ನು ನೋಡಿರಬಹುದೆ, ಅದರ ಮೇಲೆ ತನ್ನಂಥವನನ್ನೇ ಕಂಡಿರಬಹುದೆ ಎಂದು ಯೋಚಿಸುತ್ತೇನೆ.

ತೇರು ಹೊರಟದ್ದೆಲ್ಲಿಗೆ ಎಂಬುದರಲ್ಲೇ ಒಮ್ಮತವಿಲ್ಲ. ಮ್ಯಾಸಿಡೋನಿಯಾದ ರಾಜರನ್ನೆಲ್ಲ ಹೂಳುತ್ತಿದ್ದ ಏಗಿಯ ಎಂಬ ಹಳೆಯ ರಾಜಧಾನಿಗೆ ಎಂದು ಒಬ್ಬರು. ಈಜಿಪ್ಟಿನ ಮರಳುಗಾಡಿನ ಸೀವಾದಲ್ಲಿರುವ ಅಮ್ಮನ್ ದೇವರ ಬಳಿಗೆ, ಅದೇ ಅವನ ಕೊನೆಯ ಆಸೆಯಾಗಿತ್ತು ಎಂದು ಇನ್ನೊಬ್ಬರು. ಎರಡೂ ಕಡೆ ತಲುಪಲಿಲ್ಲ. ಈಜಿಪ್ಟನ್ನು ಪಾಲಿಗೆ ಪಡೆದಿದ್ದ ದಂಡನಾಯಕ ಟಾಲೆಮಿ ಸೈನ್ಯ ಕಟ್ಟಿಕೊಂಡು ಸಿರಿಯಾಕ್ಕೆ ಎದುರು ಬಂದು, ತೇರನ್ನು ತನ್ನ ನಾಡಿಗೆ ತಿರುಗಿಸಿಕೊಂಡು ಹೋದ. ಈ ದೇಹ ಯಾವ ನೆಲದಲ್ಲಿರುತ್ತದೋ ಆ ನೆಲ ಅಲುಗುವುದಿಲ್ಲ ಎಂದು ಜೋಯಿಸ ಅರಿಸ್ಟಾಂಡರ್ ನುಡಿದಿದ್ದನೆಂಬ ಮಾತೂ ಇದೆ. ರಾಜ್ಯದ ಮೇಲ್ವಿಚಾರಕ ಪೆರ್ಡಿಕಸ್ ಸಿಟ್ಟಿಗೆದ್ದು ಈಜಿಪ್ಟಿನ ಮೇಲೆ ಏರಿಹೋದ. ನೈಲ್ ನದಿ ದಾಟುವಾಗ ಅವನ 2000ಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಸಾವಿರ ಜನ ಹೊಳೆಯ ಮೃಗಗಳ ಬಾಯಿಗೆ ಬಿದ್ದರು ಎಂದು ಡಿಯೋಡೋರಸ್ ಲೆಕ್ಕ ಕೊಡುತ್ತಾನೆ. ರೊಚ್ಚಿಗೆದ್ದ ಅವನ ಕೈಕೆಳಗಿನವರೇ ಅವನನ್ನು ಡೇರೆಯಲ್ಲಿ ಕೊಂದರು.

ಈ ಗದ್ದಲದಲ್ಲಿ ಒಬ್ಬಳನ್ನು ಎಲ್ಲರೂ ಮರೆತಿದ್ದರು. ಅವನ ತಾಯಿ ಒಲಿಂಪಿಯಾಸ್. ಮಗ ಸತ್ತು ಇಷ್ಟು ದಿನವಾದರೂ ಮಣ್ಣು ಕಂಡಿಲ್ಲ ಎಂಬ ಸುದ್ದಿ ಕೇಳಿ ಅವಳು ಗೋಳಾಡಿದ್ದನ್ನು ಈಲಿಯನ್ ಬರೆದಿದ್ದಾನೆ. ಸ್ವರ್ಗದಲ್ಲೇ ಪಾಲು ಬೇಕೆಂದು ಓಡಿದೆಯಲ್ಲ ಮಗನೆ, ಮನುಷ್ಯ ಮನುಷ್ಯರಿಗೆಲ್ಲ ಸಿಗುವ ಹಿಡಿ ಮಣ್ಣೂ ನಿನಗೆ ಸಿಗಲಿಲ್ಲವಲ್ಲ ಎಂಬುದು ಅವಳ ಅಳಲಿನ ಸಾರ. ಅವಳು ಕ್ರೂರಿಯೆಂದು ಹೆಸರಾದವಳು. ಮಾಡಿದ ಕೊಲೆಗಳೂ ಇವೆ. ಆದರೂ ಈ ಅಳು ನಮ್ಮ ಓಣಿಯ ಯಾವ ತಾಯಿಯದಾದರೂ ಆದೀತು. ಕ್ರಿ.ಪೂ. 316ರಲ್ಲಿ ಅವಳನ್ನೂ ಕೊಂದರು. ಅದಕ್ಕೆ ಮೊದಲು ಅಲೆಕ್ಸಾಂಡರನ ಮಲತಾಯಿಯ ಮಗ ಫಿಲಿಪ್ ಹೋಗಿದ್ದ. ಕೆಲವೇ ವರ್ಷಗಳಲ್ಲಿ ಹೆಂಡತಿ ರೊಕ್ಸಾನಾ, ತಂದೆಯ ಮುಖ ಕಾಣದೆ ಹುಟ್ಟಿದ್ದ ಮಗ, ಕಡೆಗೆ ತಂಗಿಯೂ ಹೋದಳು. ಅವನು ಸತ್ತ ಹದಿನೈದು ವರ್ಷಕ್ಕೆ ಆ ಮನೆಯಲ್ಲಿ ದೀಪ ಹಚ್ಚಲು ಮಲತಂಗಿಯೊಬ್ಬಳನ್ನು ಬಿಟ್ಟರೆ ಒಂದು ಜೀವ ಉಳಿದಿರಲಿಲ್ಲ.

ಸಮಾಧಿ ಕಳೆದುಹೋಗಲು ಇನ್ನೂ ಆರೇಳು ನೂರು ವರ್ಷ ಬಾಕಿಯಿತ್ತು. ನನ್ನನ್ನು ಕೇಳಿದರೆ ಅದು ಕಳೆಯಲು ಶುರುವಾದದ್ದು ಇಲ್ಲಿ.

ಮೊದಲು ಮೆಂಫಿಸಿನಲ್ಲಿ ಹೂತರು. ಬಳಿಕ ಅವನೇ ಕಟ್ಟಿಸಿದ ಅಲೆಕ್ಸಾಂಡ್ರಿಯಾಕ್ಕೆ ತಂದರು. ತಂದವನು ಆ ದಂಡನಾಯಕನ ಮಗ, ಎರಡನೆಯ ಟಾಲೆಮಿ ಎಂದು ಗ್ರೀಕ್ ಪ್ರವಾಸಿ ಪೌಸೇನಿಯಸ್ ಹೇಳುತ್ತಾನೆ. ನಾಲ್ಕನೆಯ ಟಾಲೆಮಿ ನಗರದ ನಡುವೆ ದೊಡ್ಡ ಸಮಾಧಿ ಮಂದಿರ ಕಟ್ಟಿಸಿ, ಅಲೆಕ್ಸಾಂಡರನ ಜೊತೆಗೆ ತನ್ನ ಹಿರಿಯರನ್ನೂ ಅಲ್ಲೇ ಇರಿಸಿದ. ಆ ಜಾಗವನ್ನು ಸೇಮಾ ಅನ್ನುತ್ತಿದ್ದರು. ಗ್ರೀಕಿನಲ್ಲಿ ಸೇಮಾ ಅಂದರೆ ಸಮಾಧಿ. ಅದೇ ಪದಕ್ಕೆ ಗುರುತು ಎಂಬ ಅರ್ಥವೂ ಇದೆ. ಇದನ್ನು ತಿಳಿದ ದಿನ ನನಗೆ ಅಜ್ಜಿಯ ಕರಿಕಲ್ಲು ನೆನಪಾಯಿತು. ಅವಳೂ ಸಮಾಧಿ ಅನ್ನುತ್ತಿದ್ದುದು ಅಪರೂಪ. "ಗುರ್ತಿಗೆ ನೀರ್ ಹಾಕಿ ಬಾ" ಅನ್ನುತ್ತಿದ್ದಳು.

ಅಲೆಕ್ಸಾಂಡ್ರಿಯಾದಲ್ಲಿ ಪೂಜೆಗೇನೂ ಕೊರತೆಯಿರಲಿಲ್ಲ. ಅಲೆಕ್ಸಾಂಡರನಿಗೆಂದೇ ಒಬ್ಬ ಪೂಜಾರಿ. ವರ್ಷ ವರ್ಷ ಹೊಸಬ. ಈಜಿಪ್ಟಿನ ಗ್ರೀಕರು ಕರಾರುಪತ್ರ ಬರೆಯುವಾಗ ಇಂಥ ದೊರೆಯ ಇಷ್ಟನೆಯ ವರ್ಷ, ಇಂಥವನು ಅಲೆಕ್ಸಾಂಡರನ ಪೂಜಾರಿಯಾಗಿದ್ದಾಗ ಎಂದೇ ತಾರೀಖು ಹಾಕುತ್ತಿದ್ದರು. ಎಮ್ಮೆ ಮಾರಿದ ಚೀಟಿಯ ಮೇಲೂ ಊರ ದೇವರ ಹೆಸರು ಬರೆದಂತೆ. ಆದರೆ ಅದು ಸರಕಾರಿ ಪೂಜೆ, ಗದ್ದುಗೆಯ ಹಕ್ಕಿಗಾಗಿ ನಡೆಯುತ್ತಿದ್ದ ಪೂಜೆ. ಕ್ರಿ.ಪೂ. ಮೊದಲ ಶತಮಾನದಲ್ಲಿ ಅದೇ ವಂಶದ ಒಬ್ಬ ಟಾಲೆಮಿ ಬಂಗಾರದ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದ. ಗ್ರೀಕ್ ಭೂಗೋಳಕಾರ ಸ್ಟ್ರಾಬೊನ ಹೊತ್ತಿಗೆ ದೇಹ ಗಾಜಿನಂತೆ ಪಾರದರ್ಶಕವಾದ ಪೆಟ್ಟಿಗೆಯಲ್ಲಿತ್ತು. ಕ್ಲಿಯೋಪಾತ್ರಾ ಕೂಡ ಹಣಕ್ಕೆ ತಡಕಾಡಿದಾಗ ತನ್ನ ಹಿರಿಯರ ಸಮಾಧಿಗಳಿಗೇ ಕೈಹಾಕಿದಳು ಎಂದು ಯೆಹೂದಿ ಚರಿತ್ರೆಕಾರ ಜೋಸೆಫಸ್ ದೂರುತ್ತಾನೆ.

ಆಮೇಲೆ ರೋಮಿನವರ ಸರದಿ. ಕ್ರಿ.ಪೂ. 48ರಲ್ಲಿ ಜೂಲಿಯಸ್ ಸೀಸರ್ ಬಂದು ನೋಡಿದ. ಕ್ರಿ.ಪೂ. 30ರಲ್ಲಿ ಆಕ್ಟೇವಿಯನ್ ದೇಹವನ್ನು ಹೊರಗೆ ತರಿಸಿ, ಬಂಗಾರದ ಕಿರೀಟ ಇಟ್ಟು, ಹೂ ಚೆಲ್ಲಿದ. ಟಾಲೆಮಿಗಳನ್ನೂ ನೋಡುವಿರಾ ಅಂದರೆ, ನಾನು ಬಂದದ್ದು ರಾಜನನ್ನು ನೋಡಲು, ಹೆಣಗಳನ್ನಲ್ಲ ಅಂದ. ಮುಟ್ಟಿ ನೋಡುವಾಗ ಮೂಗಿನ ಚೂರು ಮುರಿಯಿತೆಂಬ ಮಾತನ್ನು ಕ್ಯಾಸಿಯಸ್ ಡಿಯೋ ಕೇಳಿ ಬರೆದಿದ್ದಾನೆ. ಆ ಜಾಗದಲ್ಲಿ ಒಂದು ಕ್ಷಣ ಎಷ್ಟು ಸದ್ದಡಗಿರಬೇಡ! ಮುನ್ನೂರು ವರ್ಷದ ಮೂಗು, ಒಣಗಿದ ಎಲೆಯಂತೆ, ಹೊಸ ದೊರೆಯ ಬೆರಳ ತುದಿಯಲ್ಲಿ. ಕಲಿಗುಲ ಎದೆಕವಚ ತರಿಸಿಕೊಂಡು ತೊಟ್ಟ. ಕ್ರಿ.ಶ. 200ರ ಸುಮಾರಿಗೆ ಸೆಪ್ಟಿಮಿಯಸ್ ಸೆವೆರಸ್ ಈಜಿಪ್ಟಿನ ಗುಡಿಗಳಲ್ಲಿದ್ದ ರಹಸ್ಯ ಗ್ರಂಥಗಳನ್ನೆಲ್ಲ ಕಲೆಹಾಕಿ, ಇನ್ನು ಯಾರೂ ಈ ದೇಹ ನೋಡಕೂಡದು, ಆ ಗ್ರಂಥ ಓದಕೂಡದು ಎಂದು ಸಮಾಧಿಗೆ ಬೀಗ ಹಾಕಿಸಿದ. 215ರಲ್ಲಿ ಅವನ ಮಗ ಕ್ಯಾರಕಲ್ಲ ಬಂದು ತನ್ನ ಮೇಲುಹೊದಿಕೆ, ಉಂಗುರ, ನಡುಪಟ್ಟಿ ಬಿಚ್ಚಿ ಅಲ್ಲಿಟ್ಟ; ಅದೇ ಸಲ ನಗರದ ಜನರನ್ನು ಕಡಿಸಿದ. ಆ ಸಮಾಧಿಗೆ ಚಕ್ರವರ್ತಿಯೊಬ್ಬ ಬಂದ ದಾಖಲೆ ಅದೇ ಕೊನೆಯದು.

ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ ಎಲ್ಲರಿಗೂ ಅವನಿಂದ ಏನೋ ಬೇಕಿತ್ತು. ಅವನಿಗಾಗಿ ಬಂದವರು ಒಬ್ಬರೂ ಇಲ್ಲ.

ಮುಂದೆ ರೋಮಿನ ಚಕ್ರವರ್ತಿ ಆರೇಲಿಯನ್ ಕಾಲದ ಕಾಳಗದಲ್ಲಿ ಅರಮನೆಗಳ ಕೇರಿಯೇ ಹಾಳಾಯಿತು. 365ರ ಜುಲೈ 21ರಂದು ಭೂಕಂಪವಾಗಿ ಸಮುದ್ರ ಹಿಂದೆ ಸರಿದು, ಮತ್ತೆ ನುಗ್ಗಿ, ಹಡಗುಗಳನ್ನು ಮನೆಮಾಳಿಗೆಗಳ ಮೇಲೆ ಇಟ್ಟುಹೋಯಿತು. ಧರ್ಮ ಬದಲಾಯಿತು. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಕ್ರೈಸ್ತ ಗುರು ಜಾನ್ ಕ್ರಿಸೋಸ್ಟಮ್ ತನ್ನ ಪ್ರವಚನದಲ್ಲಿ ಸವಾಲು ಹಾಕಿದ: ಎಲ್ಲಿದೆ ಹೇಳಿ ಅಲೆಕ್ಸಾಂಡರನ ಸೇಮಾ? ತೋರಿಸಿ ನನಗೆ. ಅವನು ಸತ್ತ ದಿನ ಯಾವುದು ಹೇಳಿ. ಆ ಸಮಾಧಿ ಎಲ್ಲಿದೆಯೆಂದು ಅವನ ಸ್ವಂತದವರಿಗೂ ಗೊತ್ತಿಲ್ಲ. ಕ್ರಿಸ್ತನ ಶಿಷ್ಯರ ಸಮಾಧಿಗಳ ಮುಂದೆ ಜನ ನೆರೆದಿರುವುದನ್ನು ಎತ್ತಿ ಹೇಳಲು ಅವನು ಇದನ್ನು ಕೇಳಿದ್ದು. ಸ್ವಂತದವರಿಗೂ ಎಂಬ ಮಾತು ಮಾತ್ರ ನನ್ನನ್ನು ಚುಚ್ಚುತ್ತದೆ. ಸ್ವಂತದವರು ಎಂಬುವರು ಉಳಿದಿದ್ದರಾದರೂ ಎಲ್ಲಿ?

ಹುಡುಕಾಟದ ಕಥೆ ದೊಡ್ಡದು, ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ. ಒಂದೇ ಒಂದು ವಸ್ತುವನ್ನು ಹೇಳಬೇಕು. ಅಲೆಕ್ಸಾಂಡ್ರಿಯಾದ ಅತ್ತಾರೀನ್ ಮಸೀದಿಯ ಅಂಗಳದಲ್ಲಿ ಏಳು ಟನ್ ತೂಕದ ಕಲ್ಲಿನ ಶವಪೆಟ್ಟಿಗೆಯೊಂದಿತ್ತು. ಮೈತುಂಬ ಚಿತ್ರಲಿಪಿ. ಊರವರು ಇದು ಅಲೆಕ್ಸಾಂಡರನದೆಂದು ಹೇಳುತ್ತಿದ್ದರು. ನೆಪೋಲಿಯನ್ನನ ಜನ ಅದನ್ನು ತೆಗೆದುಕೊಂಡರು, ಅವರನ್ನು ಸೋಲಿಸಿದ ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು. 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ಚಿತ್ರಲಿಪಿಯ ಬೀಗ ತೆಗೆದ ಮೇಲೆ ಓದಿದರೆ ಅದು ಈಜಿಪ್ಟಿನ ಕೊನೆಯ ಸ್ಥಳೀಯ ಫೇರೋ ಎರಡನೆಯ ನೆಕ್ಟನೆಬೊಗಾಗಿ ಮಾಡಿದ್ದು. ಪರ್ಷಿಯನ್ನರು ದಾಳಿಯಿಟ್ಟಾಗ ಅವನು ಓಡಿಹೋದ. ಪೆಟ್ಟಿಗೆ ಖಾಲಿ ಉಳಿಯಿತು. ಟಾಲೆಮಿ ಅವಸರದಲ್ಲಿ ತಂದ ದೇಹವನ್ನು ಮೆಂಫಿಸಿನಲ್ಲಿ ಈ ಸಿದ್ಧವಾಗಿದ್ದ ಪೆಟ್ಟಿಗೆಯಲ್ಲೇ ಇಟ್ಟಿರಬಹುದು ಎಂದು ವಾದಿಸುವವರಿದ್ದಾರೆ. ಅದರ ಬುಡದ ಸುತ್ತ 12 ತೂತು ಕೊರೆದಿದ್ದಾರೆ, ನೀರು ಹರಿಯಲೆಂದು. ಕಾಲಾಂತರದಲ್ಲಿ ಜನ ಅದರಲ್ಲಿ ನೀರು ತುಂಬಿ ಕೈಕಾಲು ತೊಳೆದುಕೊಂಡರು. ಆ ತೂತುಗಳ ಫೋಟೋ ನೋಡಿದಾಗ ನನಗೆ ಬೇಸರವಾಗಲಿಲ್ಲ. ಬಿಸಿಲ ನಾಡಿನಲ್ಲಿ ನಮಾಜಿಗೆ ಬಂದವರ ಕೈಗೆ ನೀರು ಕೊಟ್ಟ ಕಲ್ಲು ಅದು. ದೊರೆಗಳು ಬಂದು ಕಿತ್ತುಕೊಂಡದ್ದಕ್ಕಿಂತ ಇದು ಎಷ್ಟೋ ಮೇಲು.

1977ರಲ್ಲಿ ಗ್ರೀಸಿನ ವೆರ್ಗಿನಾದಲ್ಲಿ, ಅಂದರೆ ಅದೇ ಹಳೆಯ ಏಗಿಯದಲ್ಲಿ, ಮನೋಲಿಸ್ ಆಂಡ್ರೋನಿಕೋಸ್ ದಿಬ್ಬವೊಂದನ್ನು ಅಗೆದು ಯಾರೂ ಮುಟ್ಟದ ರಾಜಸಮಾಧಿ ತೆರೆದರು. ಅದು ಅಲೆಕ್ಸಾಂಡರನ ತಂದೆ ಎರಡನೆಯ ಫಿಲಿಪ್ಪನದೆಂದು ಅವರು ಹೇಳಿದರು. ಊರಲ್ಲೇ ಉಳಿದ ಅಪ್ಪ ಮಣ್ಣಿನಡಿ ನೆಮ್ಮದಿಯಾಗಿದ್ದ. ಮಗನ ನಗರದ ಮೇಲೋ ಐವತ್ತು ಲಕ್ಷಕ್ಕೂ ಹೆಚ್ಚು ಜನರ ಇಂದಿನ ಅಲೆಕ್ಸಾಂಡ್ರಿಯಾ ನಿಂತಿದೆ. ಹಳೆಯ ಅರಮನೆಗಳ ಒಂದು ಭಾಗ ಸಮುದ್ರದ ಕೆಳಗೆ. ನಗರದ ಶಲ್ಲಾಲಾತ್ ಉದ್ಯಾನದಲ್ಲಿ ಗ್ರೀಸಿನ ಪುರಾತತ್ತ್ವಜ್ಞೆ ಕಲಿಯೋಪಿ ಲಿಮ್ನೆಯೋಸ್ ಪಾಪಕೋಸ್ತಾ 2007ರಿಂದ ಅಗೆಯುತ್ತ ಬಂದಿದ್ದಾರೆ. ಹಳ್ಳ ತೋಡಿದಂತೆಲ್ಲ ಜಲ ಏಳುತ್ತದೆ, ಪಂಪು ಹಚ್ಚಿ ಎತ್ತಬೇಕು.

ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತುವಾಗ ಇದೆಲ್ಲ ನನಗೆ ನೆನಪಾಗುವುದಕ್ಕೆ ಕಾರಣವಿದೆ. ಹುಡುಗನಾಗಿದ್ದಾಗ ಆಂಡ್ರೊಕೋಟಸ್ ಅಲೆಕ್ಸಾಂಡರನನ್ನು ಕಣ್ಣಾರೆ ಕಂಡಿದ್ದ ಎಂದು ಪ್ಲೂಟಾರ್ಕ್ ಬರೆಯುತ್ತಾನೆ. ಗ್ರೀಕರ ಬಾಯಲ್ಲಿ ಆಂಡ್ರೊಕೋಟಸ್ ಆದವನು ಚಂದ್ರಗುಪ್ತ ಮೌರ್ಯ. ಅವನು ರಾಜ್ಯ ಬಿಟ್ಟು ಗುರು ಭದ್ರಬಾಹುವಿನೊಡನೆ ಇಲ್ಲಿಗೆ ಬಂದು, ಈ ಬೆಟ್ಟದ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟನೆಂಬುದು ಜೈನರ ಪರಂಪರೆ. ಬೆಟ್ಟಕ್ಕೆ ಚಂದ್ರಗಿರಿ ಎಂದೇ ಹೆಸರು. ಗೋರಿ ಇಲ್ಲ, ಪೆಟ್ಟಿಗೆ ಇಲ್ಲ. ಬಂಡೆಯ ಮೇಲೆ ಮಾತ್ರ, ಇಲ್ಲಿ ಹೀಗೆಯೇ ಉಪವಾಸವಿದ್ದು ದೇಹ ಬಿಟ್ಟ ಸನ್ಯಾಸಿಗಳ ಹೆಸರುಗಳು, ಏಳನೆಯ ಶತಮಾನದ ಹಳಗನ್ನಡದಲ್ಲಿ. ಕಾಮನಬಿಲ್ಲಿನಂತೆ, ಮಿಂಚಿನ ಬಳ್ಳಿಯಂತೆ, ಮಂಜಿನಂತೆ ಸಿರಿ ತೋರಿ ಮರೆಯಾಗುತ್ತದೆ ಎಂದು ನಂದಿಸೇನ ಮುನಿಯ ಶಾಸನ ಹೇಳುತ್ತದೆ. ಬೆಳಗಿನ ಹೊತ್ತು ಅಕ್ಷರಗಳ ಮೇಲೆ ಬೆರಳಾಡಿಸಿದರೆ ಕಲ್ಲು ತಣ್ಣಗಿರುತ್ತದೆ. ಬದಿಯಲ್ಲೇ ಬರಿಗಾಲಲ್ಲಿ ಮುದುಕಿಯರು ಮೆಟ್ಟಿಲು ಹತ್ತುತ್ತಿರುತ್ತಾರೆ, ಮಕ್ಕಳಿಗೆ ಅದು ಭದ್ರಬಾಹು ಗವಿ, ಇದು ಚಂದ್ರಗುಪ್ತ ಬಸದಿ ಎಂದು ಕೈಮಾಡಿ ತೋರಿಸುತ್ತಾರೆ.

ಅಜ್ಜಿ ಹೋಗಿ ಹನ್ನೊಂದು ವರ್ಷವಾಯಿತು. ಹೊಲ ಅದಕ್ಕೂ ಮೊದಲೇ ಕೈಬದಲಾಗಿತ್ತು. ಬನ್ನಿ ಗಿಡ ಒಂದು ಮಳೆಗಾಲದಲ್ಲಿ ಬಿತ್ತು, ಟ್ರ್ಯಾಕ್ಟರ್ ಹೊಡೆಯುವಾಗ ಕರಿಕಲ್ಲು ಅಡ್ಡ ಬಂತೆಂದು ಯಾರೋ ಎತ್ತಿ ಬದುವಿಗೆ ಹಾಕಿದರು. ಈ ವರ್ಷದ ಎಳ್ಳಮಾವಾಸ್ಯೆಗೆ ಈಗಿನ ಹೊಲದವರ ಒಪ್ಪಿಗೆ ಕೇಳಿ ಅವ್ವನನ್ನು ಕರೆದುಕೊಂಡು ಹೋದೆ. ಕಡಲೆ ಕಾಯಿ ಕಟ್ಟಿತ್ತು, ಜೋಳ ಎದೆಮಟ್ಟ. ಹಳೆಯ ಬಾವಿಯೊಂದೇ ಗುರುತಿಗೆ ಉಳಿದದ್ದು. ಅವ್ವ ಅದರ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ನೋಡಿದಳು. ಬಾವಿಯಿಂದ ಗಿಡ ಎಷ್ಟು ದೂರವಿತ್ತು, ಗಿಡದ ನೆರಳು ಊಟದ ಹೊತ್ತಿಗೆ ಎಲ್ಲಿ ಬೀಳುತ್ತಿತ್ತು. ಆಮೇಲೆ ಎದ್ದು ಒಂದು ಕಡೆ ನಿಂತು, ಮೂಡಣಕ್ಕೆ ಮುಖ ಮಾಡಿ, ಹೆಜ್ಜೆ ಎಣಿಸತೊಡಗಿದಳು. ನಾನು ಹಾಕುತ್ತೇನೆಂದೆ. "ನಿನ್ನ ಹೆಜ್ಜಿ ದೊಡ್ಡವು. ಅತ್ತೀದು ಸಣ್ಣ ಹೆಜ್ಜಿ" ಎಂದಳು. ಸೀರೆಯ ನಿರಿಗೆ ಎತ್ತಿ ಹಿಡಿದು, ಕಡಲೆ ಸಾಲು ತುಳಿಯದಂತೆ, ಅಜ್ಜಿಯ ನಡಿಗೆಯನ್ನು ನೆನಪು ಮಾಡಿಕೊಂಡು ನಡೆದಳು.

ಹತ್ತಕ್ಕೆ ನಿಂತಳು. ಬದುವಿನಿಂದ ಕರಿಕಲ್ಲು ಹುಡುಕಿ ತಂದು ಅಲ್ಲಿ ಇಟ್ಟೆವು, ತೊಳೆದೆವು. ಸವೆದ ಕಲ್ಲಿನ ಒಂದು ಮಗ್ಗುಲಲ್ಲಿ ಮೂರು ಬೆರಳು ಎಳೆದೆಳೆದು ನುಣುಪಾದ ಜಾಗ ಹಾಗೇ ಇತ್ತು. ಅವ್ವ ಅದರ ಮೇಲೆಯೇ ವಿಭೂತಿ ಎಳೆದಳು. ಹೊಲದವರ ಮಗ, ಎಂಟು-ಒಂಬತ್ತರ ಹುಡುಗ, ದೂರದಿಂದ ನೋಡುತ್ತ ನಿಂತಿದ್ದ. ನಾನು ಫೋನ್ ತೆಗೆದು ಮ್ಯಾಪಿನಲ್ಲಿ ಆ ಜಾಗಕ್ಕೆ ಗುರುತು ಹಾಕಿಕೊಳ್ಳುತ್ತಿದ್ದೆ.

"ಅದನ್ನ ಫೋನಿನ್ಯಾಗ ಇಟ್ಕೊಂಡು ಏನ್ ಮಾಡ್ತೀ" ಅಂದಳು ಅವ್ವ. "ಆ ಹುಡುಗಗ ತೋರಸು. ಅವ ಇಲ್ಲೇ ಇರಾವ."

ಹುಡುಗನನ್ನು ಕರೆದೆ. ಹೋಳಿಗೆ ಕೊಟ್ಟು, ಬಾವಿ ತೋರಿಸಿ, ಗಿಡ ಇದ್ದ ಜಾಗದಲ್ಲಿ ನಿಲ್ಲಿಸಿದೆವು. ಅವನು ಹೋಳಿಗೆಯನ್ನು ಎಡಗೈಗೆ ದಾಟಿಸಿಕೊಂಡು, ಮೂಡಣಕ್ಕೆ ತಿರುಗಿ, ಜೋರಾಗಿ ಎಣಿಸುತ್ತ ಹೊರಟ. ಹತ್ತಾದರೂ ಅವನ ಪುಟ್ಟ ಕಾಲು ಕಲ್ಲಿಗೆ ಮುಟ್ಟಲಿಲ್ಲ. ಹಿಂದಿರುಗಿ ಅವ್ವನ ಮುಖ ನೋಡಿ, ಹನ್ನೊಂದು, ಹನ್ನೆರಡು ಎಂದು ಎಣಿಸುತ್ತ ಮುಂದೆ ನಡೆದ.